ಈಡು ತುಂಬುವ ಹೊತ್ತು

ಬಸರೀಕಟ್ಟೆ
6 ಜನವರಿ 2025

ಹರೀಶನಿಗೆ,

ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಕ್ಷೇಮವಿಲ್ಲ ಎಂದು ಬರೆಯುವಷ್ಟು ಹೊಸದೇನೂ ಆಗಿಲ್ಲ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಈ ಕಾಗದ. ಸಿದ್ದಾಪುರದ ನಿನ್ನ ಎಸ್ಟೇಟಿನ ವಿಳಾಸ ಕೊಟ್ಟವನು ಅಲ್ಲಿ ಕೆಲಸ ಮಾಡಿ ಬಂದ ಷಡಕ್ಷರಿ. ಕೊಡಗಿನಲ್ಲೂ ಆನೆ ಇದೆಯಂತಲ್ಲ. ಆನೆ ಇಲ್ಲದ ಊರು ನಿನಗೆ ಸಿಗಲಿಲ್ಲವಾ?

ವಿಷಯ ಇಷ್ಟು. ನಿನ್ನ ಅಣ್ಣನ ಕೋವಿಯ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. ಮೊನ್ನೆ ಠಾಣೆಯಿಂದ ಕೋವಿಯನ್ನು ಜೀಪಿನಲ್ಲಿ ತಂದೆ. ನಿನ್ನ ಅಣ್ಣ ಹೋದ ದಿನ ಪೊಲೀಸರು ಎತ್ತಿಕೊಂಡು ಹೋದ ಹಾಗೇ ಇದೆ. ಮದ್ದಿಗೆ ಕಿಡಿ ಕೊಡುವ ಕೇಪನ್ನು ಬಡಿಯುವ ಕುದುರೆಗೆ ಬಟ್ಟೆ ಸುತ್ತಿ ಅರಗಿನ ಸೀಲು ಹಾಕಿದ್ದಾರೆ. ಒಳಗೆ ತುಂಬಿದ ಈಡು ಇದ್ದರೂ ಇರಬಹುದು, ಗೊತ್ತಿದ್ದವರಿಂದ ತೆಗೆಸಿ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಎರಡು ಸಲ ಹೇಳಿ ಕಳಿಸಿದರು.

ಈ ಮನೆಯಲ್ಲಿ ಗೊತ್ತಿದ್ದವರೆಂದರೆ ಮಾವ ಬೂತಪ್ಪ, ನಿನ್ನ ಅಣ್ಣ ಸುಂದರೇಶ, ನೀನು. ಇಬ್ಬರು ಹೋದರು. ಉಳಿದವನು ನೀನು, ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ಗದ್ದೆಗೆ ಹಂದಿ ಇಳಿಯುತ್ತಿದೆ, ಕೋವಿ ಬೇಕು. ಕೋವಿಯನ್ನು ಪರೀಕ್ಷೆ ಮಾಡುವುದು ಹೇಗೆ, ಹಾರಿಸಿ ನೋಡುವುದು ಹೇಗೆ, ಬರೆದು ತಿಳಿಸು. ನನಗೆ ಗೊತ್ತಿರುವುದು ಒಂದೇ. ಮಾವ ನಳಿಗೆಯ ಬಾಯಿಂದ ಮದ್ದು, ಸೀಸದ ಚರೆ, ಬಟ್ಟೆಯ ಚಿಂದಿ ಹಾಕಿ ಗಜದ ಕೋಲಿನಿಂದ ಜಡಿಯುವಾಗ ಮನೆಮಂದಿಯೆಲ್ಲ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಗೊತ್ತಿಲ್ಲದೆ ಊಟಕ್ಕೆ ಕರೆದೆ. ಅವರು ಮಾತಾಡದೆ, ತುಂಬಿದ್ದನ್ನೆಲ್ಲ ಹೊರಗೆ ತೆಗೆದು ಮೊದಲಿಂದ ತುಂಬಿದರು. ಆಮೇಲೆ ಬೈದರು. ನಿನ್ನ ಅಣ್ಣ ನಕ್ಕು ನಕ್ಕು ಸುಸ್ತಾಗಿದ್ದ ದಿನ ಅದು.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಆವತ್ತು ಆನೆಯ ಎದುರು ಕೋವಿ ನಿನ್ನ ಕೈಯಲ್ಲಿತ್ತು. ಹಾರಲಿಲ್ಲ ಎಂದು ನೀನು ಹೇಳಿದೆ. ಪಕ್ಕದ ಗದ್ದೆಯ ಸತೀಶ ಈಡಿನ ಸದ್ದೇ ಕೇಳಲಿಲ್ಲ ಅಂದ. ಹಾರಿಸಿದರಲ್ಲವಾ ಹಾರುವುದು, ಅಣ್ಣನನ್ನು ಆನೆಯ ಕಾಲಿಗೆ ಬಿಟ್ಟು ಪುಟ್ಟಕ್ಕನ ಕಿರಿಮಗ ಓಡಿದ ಎಂದು ಊರು ಅಂದಿತು. ಪುಟ್ಟಕ್ಕನೇ ಹಾಗೆ ಅಂದರು, ನಿನ್ನನ್ನು ಹೆತ್ತ ಅವ್ವ. ನಾನು ಏನೂ ಅನ್ನಲಿಲ್ಲ. ಈಗಲೂ ಅನ್ನುತ್ತಿಲ್ಲ.

ಅತ್ತಿಗೆ,
ಅಂಬಿಕಾ


ಸಿದ್ದಾಪುರ, ಕೊಡಗು
19 ಜನವರಿ 2025

ಅತ್ತಿಗೆಗೆ ಹರೀಶನ ನಮಸ್ಕಾರ.

ಕಾಗದ ತಲುಪಿತು. ಕೋವಿಯನ್ನು ಬಿಚ್ಚಬೇಡಿ. ಸೀಲು ಇದ್ದ ಹಾಗೇ ಠಾಣೆಗೆ ವಾಪಸು ಕೊಟ್ಟು, ನನಗೆ ಬೇಡ ಎಂದು ಬರೆದುಕೊಡಿ. ಅದು ಅಪ್ಪನ ಕಾಲದ ನಳಿಗೆ. ಅದನ್ನು ಪರೀಕ್ಷೆ ಮಾಡಿ ಆಗಬೇಕಾದ್ದು ಏನೂ ಇಲ್ಲ. ಹಂದಿಗೆ ತಗಡು ಬಡಿದರೆ ಸಾಕು.

ಅಣ್ಣನ ಕೂಸು ಚೇತನಾ ಕೊಪ್ಪದ ಹಾಸ್ಟೆಲಿನಲ್ಲೇ ಇದ್ದಾಳಾ? ಪಿಯುಸಿ ಪರೀಕ್ಷೆ ಹತ್ತಿರ ಬಂತಲ್ಲ. ಅವಳ ಹತ್ತಿರ ಕೋವಿಯ ಸುದ್ದಿ ಎತ್ತಬೇಡಿ.

ಇಲ್ಲಿ ಕಾಫಿ ಕುಯ್ಲು ನಡೆದಿದೆ. ಆಳುಗಳು ತೋಟಕ್ಕೆ ಇಳಿಯುವ ಮೊದಲು ಒಬ್ಬ ಮುಂದೆ ಹೋಗಿ ಆನೆ ಇದೆಯಾ ನೋಡಿ ಕೂಗಬೇಕು. ಆ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡಿದ್ದೇನೆ.

ಹರೀಶ


ಬಸರೀಕಟ್ಟೆ
27 ಜನವರಿ 2025

ಹರೀಶನಿಗೆ,

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. "ಬಿಚ್ಚಿದ್ರೆ ಬಣ್ಣ ಬಯಲಾಗ್ತದಲ, ಅದ್ಕೇ ಬ್ಯಾಡ ಅಂತಾನೆ" ಅಂದರು. ನನಗೂ ಹಾಗೇ ಅನ್ನಿಸಿತು. ನೀನು ಟ್ರಿಗರ್ ಎಳೆದಿದ್ದರೆ ಕೇಪು ಜಜ್ಜಿಹೋಗಿರುತ್ತದೆ. ಎಳೆಯದಿದ್ದರೆ ಹೊಸದರ ಹಾಗೇ ಇರುತ್ತದೆ. ಅಷ್ಟು ಈ ಹೆಂಗಸಿಗೂ ಗೊತ್ತು ಮಾರಾಯ. ಆ ಸೀಲಿನ ಒಳಗೆ ಯಾವುದು ಇದೆ ಎಂದು ನನಗೆ ನೋಡಬೇಕು. ಹಂದಿ ಎಲ್ಲ ಬರೀ ನೆಪ.

ಸತೀಶ ಬಂದಿದ್ದ. "ಎಂತ ಅತ್ಗೆ, ಹೊಸ ಕೇಪು ಹಾಕಿ ಒಂದ್ಸಲ ಢಂ ಅನ್ಸಿದ್ರೆ ಆಯ್ತಲ, ಒಳಗಿದ್ದದ್ದು ಹಾರಿಹೋಗ್ತದೆ" ಅಂದ. ಕುಯ್ಲು ಮುಗಿದ ಮೇಲೆ ಬಂದು ಹಾರಿಸಿಕೊಡುತ್ತಾನಂತೆ. ನೀನು ಬರೆಯದಿದ್ದರೆ ಅವನೇ ಹಾರಿಸಲಿ.

ಕೋಪದಲ್ಲಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನನಗೆ ಕೋಪವೂ ಬರುವುದಿಲ್ಲ. ಎಸ್ಟೇಟಿಗೆ ಹೋಗುತ್ತೇನೆ, ಕಾಫಿ ಕೊಯ್ಯುತ್ತೇನೆ, ಬಂದು ಅನ್ನ ಮಾಡುತ್ತೇನೆ. ಕಾಲಿಗೆ ಮುಳ್ಳು ಚುಚ್ಚಿದ್ದು ರಕ್ತ ಕಂಡ ಮೇಲೆ ಗೊತ್ತಾಗುತ್ತದೆ. ಗಂಡ ಸತ್ತರೂ ಅಳದ ಹೆಂಗಸು ಎಂದು ಕೂಲಿಮನೆಗಳ ಲೈನಿನಲ್ಲಿ ಮಾತು ಇದೆ. ಇರಲಿ, ಅವರ ಬಾಯಿಗೂ ಕೆಲಸ ಬೇಕು.

ಅಂಬಿಕಾ


ಸಿದ್ದಾಪುರ
3 ಫೆಬ್ರವರಿ 2025

ಅತ್ತಿಗೆ,

ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಸತೀಶನನ್ನು ಕೋವಿಯ ಹತ್ತಿರ ಸೇರಿಸಬೇಡಿ. ವರ್ಷ ದಾಟಿದ ಈಡನ್ನು ಹಾರಿಸಿ ಖಾಲಿ ಮಾಡುವುದು ಹುಚ್ಚು ಕೆಲಸ. ನಳಿಗೆ ಸೀಳಿದರೆ ಕೈಯೂ ಉಳಿಯುವುದಿಲ್ಲ, ಕಣ್ಣೂ ಉಳಿಯುವುದಿಲ್ಲ. ಬಿಚ್ಚಲೇಬೇಕು ಎಂದರೆ ನಾನು ಬರೆದ ಹಾಗೆ ಮಾಡಿ.

ಹಗಲು ಹೊತ್ತಿನಲ್ಲೇ ಮಾಡಿ. ಅಂಗಳದಲ್ಲಿ ಬೆಂಕಿ, ಬೀಡಿ, ಒಲೆಯ ಕಿಡಿ ಯಾವುದೂ ಇರಬಾರದು. ನಳಿಗೆಯ ಬಾಯಿ ಯಾವಾಗಲೂ ಹಿತ್ತಲಿನ ಮಣ್ಣಿನ ದರೆಯ ಕಡೆಗೇ ಇರಲಿ. ನಿಮ್ಮ ಮುಖ, ಕೈ ಅದರ ಎದುರು ಬರಬಾರದು. ಬಗ್ಗಿ ಒಳಗೆ ನೋಡುವುದಂತೂ ಬೇಡವೇ ಬೇಡ. ಟ್ರಿಗರಿಗೆ ಬೆರಳು ತಾಗಿಸದೆ ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ, ಕೇಪನ್ನು ತೆಗೆದು ದೂರ ಇಡಿ. ಕೇಪು ಕೂರುವ ಮೊಳೆಯ ತೂತಿಗೆ ನೀರು ಬಿಡಿ, ಮೇಲಿನಿಂದಲೂ ನೀರು ಹಾಕಿ. ಒಂದು ದಿನ ನೆನೆಯಲಿ. ನೀರು ಕುಡಿದ ಮದ್ದು ಏನೂ ಮಾಡಲಾರದು.

ಆಮೇಲೆ ಗಜ ಇಳಿಸಿ ನೋಡಿ. ಗಜದ ಮೇಲೆ ಅಪ್ಪ ಕತ್ತಿಯಲ್ಲಿ ಕೊರೆದ ಗೆರೆ ಇದೆ. ನಳಿಗೆ ಖಾಲಿ ಇದ್ದರೆ ಗೆರೆ ಬಾಯಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಈಡು ಇದ್ದರೆ ನಾಲ್ಕು ಬೆರಳು ಮೇಲೆ ಉಳಿಯುತ್ತದೆ. ಗಜದ ತುದಿಗೆ ತಿರುಪಿನ ಮೊಳೆ ಸಿಕ್ಕಿಸಿ ತಿರುಗಿಸಿದರೆ ಚಿಂದಿ ಕಚ್ಚಿಕೊಳ್ಳುತ್ತದೆ. ಪಕ್ಕಕ್ಕೆ ನಿಂತು ಎಳೆಯಿರಿ. ಮುಂದೆ ಯಾವತ್ತಾದರೂ ತುಂಬುವುದಾದರೆ ಮೊದಲು ಮದ್ದು, ಮೇಲೆ ಚಿಂದಿ, ಆಮೇಲೆ ಚರೆ, ಮತ್ತೆ ಚಿಂದಿ. ಇಷ್ಟೇ. ಬೇರೆ ನಿಯಮ ಏನೂ ಇಲ್ಲ.

ಒಳಗಿಂದ ಬಂದದ್ದನ್ನು ನೋಡುತ್ತ ಕೂರಬೇಡಿ. ನೀರಿನ ಸಮೇತ ಹಳ್ಳಕ್ಕೆ ಚೆಲ್ಲಿಬಿಡಿ. ಅವ್ವನನ್ನು ಹತ್ತಿರ ಕೂರಿಸಬೇಡಿ.

ಹರೀಶ


ಬಸರೀಕಟ್ಟೆ
16 ಫೆಬ್ರವರಿ 2025

ಹರೀಶನಿಗೆ,

ಕೇಪು ಜಜ್ಜಿಹೋಗಿದೆ. ಸೀಲು ಒಡೆದು ಬಟ್ಟೆ ಬಿಚ್ಚಿದ ಕೂಡಲೇ ಕಂಡಿತು. ನೀನು ಎಳೆದಿದ್ದೀಯ. ಇದನ್ನು ಮೊದಲು ಬರೆದೆ, ಯಾಕೆಂದರೆ ಬೇರೆ ಏನಾದರೂ ಬರೆಯುವ ಮೊದಲು ಇದನ್ನು ಬರೆಯಬೇಕು. ಇಷ್ಟು ದಿನ ನಾನು ಏನೂ ಅನ್ನಲಿಲ್ಲ ಎಂದು ದೊಡ್ಡದಾಗಿ ಬರೆದಿದ್ದೆನಲ್ಲ, ಮನಸ್ಸಿನಲ್ಲಿ ಅಂದಿದ್ದೆ. ನಂಬಿದ್ದೆ. ಕೇಪನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟಿದ್ದೇನೆ.

ಉಳಿದದ್ದನ್ನು ನೀನು ಬರೆದ ಹಾಗೇ ಮಾಡಿದೆ, ಎರಡನ್ನು ಬಿಟ್ಟು. ಅವ್ವ ಎದ್ದು ಹೋಗಲಿಲ್ಲ. ಒಳಗಿಂದ ಬಂದದ್ದನ್ನು ನಾನು ಚೆಲ್ಲಲಿಲ್ಲ. ನೋಡಬೇಡ ಅಂದರೆ ನೋಡದೆ ಇರುವವರು ಯಾರು?

ಗಜದ ಗೆರೆ ಎರಡೇ ಬೆರಳು ಮೇಲೆ ನಿಂತಿತು. ನಾಲ್ಕಲ್ಲ. ಮೊದಲು ಚಿಂದಿ ಬಂತು, ಅವ್ವನ ಹಳೆಯ ಹಸಿರು ಸೀರೆಯದು. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ನಳಿಗೆ ಬಗ್ಗಿಸಿದರೆ ಚರೆ ಉದುರಿತು. ಮತ್ತೆ ಒಂದು ಚಿಂದಿ. ಆಮೇಲೆ ನೀರು. ಮದ್ದು ಕರಗಿ ನೀರು ಕಪ್ಪಾಗಿ ಬರುತ್ತದೆ ಎಂದು ಕಾದೆ. ತಿಳಿ ನೀರು ಬಂತು. ಗಜ ಪೂರ್ತಿ ಇಳಿದು ಗೆರೆ ಬಾಯಿಗೆ ಸಮ ಆಯಿತು. ಅಂದರೆ ಒಳಗೆ ಮದ್ದೇ ಇರಲಿಲ್ಲ.

ಅವ್ವ ಚಿಂದಿಗಳನ್ನು ತಟ್ಟೆಯಿಂದ ಎತ್ತಿಕೊಂಡು ಹೋಗಿ, ಸೋಪು ಹಾಕಿ ತೊಳೆದು ಒಗೆದ ಬಟ್ಟೆಯ ಜೊತೆ ತಂತಿಯ ಮೇಲೆ ಹರವಿದರು. ಇನ್ನೂ ಅಲ್ಲೇ ಇವೆ.

ನಿನ್ನ ಅಣ್ಣನಂಥವರು ಮದ್ದು ಹಾಕುವುದನ್ನು ಮರೆತರಾ? ನೀನು ಅಲ್ಲೇ ಇದ್ದೆ. ಆವತ್ತು ಸಂಜೆ ಜಗಲಿಯಲ್ಲಿ ಏನಾಯಿತು? ನೋಡಬೇಡಿ ಎಂದು ಯಾಕೆ ಬರೆದೆ?

ಅಂಬಿಕಾ


ಸಿದ್ದಾಪುರ
1 ಮಾರ್ಚ್ 2025

ಅತ್ತಿಗೆ,

ಈಡು ತುಂಬಿದ್ದು ನಾನು. ಅವಸರದಲ್ಲಿ ಮದ್ದು ಮರೆತೆ. ಅಣ್ಣನಲ್ಲ. ಯಾರಾದರೂ ಕೇಳಿದರೆ ಹೀಗೇ ಹೇಳಿ. ಇನ್ನು ಈ ವಿಷಯ ಬರೆಯಬೇಡಿ.

ಹರೀಶ


ಬಸರೀಕಟ್ಟೆ
20 ಏಪ್ರಿಲ್ 2025

ಹರೀಶನಿಗೆ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಬರೆಯಲು ಕೂತು ಕೂತು ಎದ್ದೆ.

ನಿನಗೆ ನೆಟ್ಟಗೆ ಸುಳ್ಳು ಹೇಳಲೂ ಬರುವುದಿಲ್ಲ. ಅವ್ವನ ಸೀರೆಯ ಚಿಂದಿ ಹಾಕಿ ಜಡಿಯುತ್ತಿದ್ದವರು ನಿನ್ನ ಅಣ್ಣ. ನೀನು ಯಾವತ್ತೂ ತೆಂಗಿನ ನಾರು ತುರುಕುವವನು, ಅದಕ್ಕೆ ಅವರ ಹತ್ತಿರ ಬೈಸಿಕೊಳ್ಳುತ್ತಿದ್ದವನು. ಅವ್ವನಿಗೆ ಅದು ತಟ್ಟೆ ನೋಡಿದಾಗಲೇ ಗೊತ್ತಾಗಿದೆ.

ಫೆಬ್ರವರಿಯ ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಬೀಡಿಯಿಂದ ಹಿಡಿದು ತಿರುಪಿನ ಮೊಳೆಯವರೆಗೆ ಎಲ್ಲ ಬರೆದಿದ್ದೀಯ. ಬೇರೆ ನಿಯಮ ಏನೂ ಇಲ್ಲ ಎಂದು ಬೇರೆ ಬರೆದಿದ್ದೀಯ. ಮಾವನ ನಿಯಮ ಎಲ್ಲಿ ಹೋಯಿತು? ಈಡು ತುಂಬುವಾಗ ಯಾರೂ ಮಾತಾಡಬಾರದು ಎಂಬುದು? ನಾನೇ ಮೊದಲ ಕಾಗದದಲ್ಲಿ ತಮಾಷೆಗೆ ನೆನಪು ಮಾಡಿದ್ದೆ. ನೀನು ಅದರ ಸುದ್ದಿಗೇ ಬರಲಿಲ್ಲ. ಅದು ಹೊಳೆದ ದಿನ ನಾನು ತೋಟದಲ್ಲಿದ್ದೆ. ಬುಟ್ಟಿ ಇಟ್ಟು ಮಣ್ಣಿನ ಮೇಲೆ ಕೂತೆ. ಜೊತೆಗೆ ಕೆಲಸ ಮಾಡುವ ಸೀತಕ್ಕ ಬಂದು ಬಿಸಿಲು ಬಡಿಯಿತಾ ಎಂದು ಕೇಳಿ ನೀರು ಕೊಟ್ಟಳು.

ಆವತ್ತು ಸಂಜೆ, ಎನ್.ಆರ್. ಪುರದ ಕಡೆಯಿಂದ ಇಳಿದ ಆನೆ ಗದ್ದೆಯ ಅಂಚಿಗೆ ಬಂದಿದೆ ಎಂದು ಸುದ್ದಿ ಬಂದಿತ್ತು. ಗಾಳಿಗೆ ಒಂದು ಈಡು ಹೊಡೆದು ಅದನ್ನು ತಿರುಗಿಸುವುದು ಎಂದು ನೀವಿಬ್ಬರೂ ಹೊರಟಿರಿ. ನಿನ್ನ ಅಣ್ಣ ಈಡು ತುಂಬಲು ಕೋವಿ ನಿಲ್ಲಿಸಿಕೊಂಡು ಜಗಲಿಯ ಮೇಲೆ ಕೂತಿದ್ದರು. ನೀನು ಡಬ್ಬ, ಟಾರ್ಚು ಹೊಂದಿಸುತ್ತಿದ್ದೆ. ಆಗ ಚೇತನಾಳ ಫೋನ್ ಬಂತು. ನಾನು ಒಳಗಿಂದ ತಂದು ಅವರ ಕಿವಿಗೆ ಹಿಡಿದೆ. ಅವರು ತಲೆ ಅಲ್ಲಾಡಿಸಿ ಬೇಡ ಅಂದರು. "ಕೂಸು ಕಣ್ರೀ" ಅಂದೆ. ತೆಗೆದುಕೊಂಡರು. ಹಾಸ್ಟೆಲಿನ ಸಾಂಬಾರಿನ ಬಗ್ಗೆ ಅವಳು ಏನೋ ಹೇಳಿದಳು, ಅವರು ಜೋರಾಗಿ ನಕ್ಕರು. ಮಾತು ಮುಗಿದ ಮೇಲೆ ಫೋನ್ ನನ್ನ ಕೈಗೆ ಕೊಟ್ಟು, ಚಿಂದಿ ಹಾಕಿ ಜಡಿದರು. ಮಾವನ ಹಾಗೆ ಮೊದಲಿಂದ ತುಂಬಲಿಲ್ಲ. ಮದ್ದು ಹಾಕಿ ಆಗಿದೆ ಅಂದುಕೊಂಡಿರಬೇಕು.

ಕೋವಿ ಟಪ್ ಅಂದಾಗಲೇ ನಿನಗೆ ಗೊತ್ತಾಗಿದೆ, ಅಲ್ಲವಾ? ಗೊತ್ತಾಗಿಯೂ ಊರಿನ ಬಾಯಿಗೆ ಬಿದ್ದು, ಬಾಯಿ ಬಿಡದೆ ಹೊರಟುಹೋದೆ.

ಚೇತನಾ ಆ ಫೋನಿನ ಸುದ್ದಿಯನ್ನು ಎಲ್ಲರಿಗೂ ಹೇಳುತ್ತಾಳೆ. ಅಪ್ಪ ಕೊನೆಗೆ ನನ್ನ ಹತ್ತಿರ ನಕ್ಕರು ಅನ್ನುತ್ತಾಳೆ. ಅವಳ ಹತ್ತಿರ ಉಳಿದಿರುವುದು ಅದೊಂದೇ. ಫೋನ್ ಕೊಟ್ಟವಳು ನಾನು, ಅದು ನನ್ನ ಪಾಡು. ಆದರೆ ಸತ್ಯ ಹೇಳಿದರೆ ಅವಳಿಗೆ ಆ ನಗು ಹೋಗುತ್ತದೆ. ಹೇಳದಿದ್ದರೆ ನೀನು ಹೇಡಿಯಾಗಿ ಅಲ್ಲೇ ಉಳಿಯುತ್ತೀಯ. ನನಗೆ ಏನೂ ಅನ್ನಿಸುತ್ತಿಲ್ಲ ಹರೀಶ. ಅಳು ಬರಬೇಕಿತ್ತು. ಬಂದಿಲ್ಲ. ಏನು ಮಾಡಲಿ ಎಂದು ಮಾತ್ರ ಕೇಳುತ್ತಿದ್ದೇನೆ.

ಕೋವಿಯನ್ನು ಹೊಸ ಮದ್ದಿನಲ್ಲಿ ಹಾರಿಸಿ ನೋಡಬೇಕು. ಅದರಲ್ಲಿ ದೋಷ ಇತ್ತಾ ಇಲ್ಲವಾ ತಿಳಿಯಲಿ. ಹೇಗೆ ಎಂದು ಬರೆ.

ಅಂಬಿಕಾ


ಸಿದ್ದಾಪುರ
4 ಮೇ 2025

ಅತ್ತಿಗೆ,

ಏನೂ ಮಾಡಬೇಡಿ. ಹೇಡಿ ಅನ್ನಿಸಿಕೊಂಡು ಬದುಕಬಹುದು, ಬದುಕುತ್ತಿದ್ದೇನೆ. ಕೂಸಿಗೆ ಆ ಭಾರ ಆಗುವುದಿಲ್ಲ. ನಿಮಗೂ ಗೊತ್ತಾಗಬಾರದು ಎಂದೇ ಇದ್ದೆ. ಫೋನಿನಲ್ಲಿ ನಿಮ್ಮ ಧ್ವನಿ ಕೇಳಿದರೆ ಬಾಯಿ ಬಿಟ್ಟುಬಿಡುತ್ತೇನೆ ಎಂದು ಎತ್ತುತ್ತಿರಲಿಲ್ಲ.

ಒಂದು ಮಾತ್ರ ಹೇಳುತ್ತೇನೆ. ಟಪ್ ಅಂದಾಗ ಮುಂದೆ ಡಬ್ಬ ಬಡಿಯುತ್ತಿದ್ದ ಅಣ್ಣ ತಿರುಗಿ ನೋಡಿದ. ಕೋವಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೂ ಗೊತ್ತಾಯಿತು ಅನ್ನಿಸುತ್ತದೆ. "ಓಡು" ಅಂದ. ನಾನು ಓಡಿದೆ. ಊರು ಹೇಳುವುದರಲ್ಲಿ ಅಷ್ಟು ನಿಜ.

ಇನ್ನು ಕೋವಿ. ಮೊದಲು ನಳಿಗೆಯನ್ನು ಬಿಸಿನೀರಲ್ಲಿ ತೊಳೆದು, ಒಣಗಿಸಿ, ಉದ್ದಕ್ಕೂ ಬೆರಳಾಡಿಸಿ ನೋಡಿ. ಬಿರುಕು, ಉಬ್ಬು, ಆಳವಾದ ತುಕ್ಕು ಕಂಡರೆ ಅಲ್ಲಿಗೇ ನಿಲ್ಲಿಸಿ. ಏನೂ ಇಲ್ಲದಿದ್ದರೆ ಜೀಪಿನ ಹಳೆಯ ಟೈರಿಗೆ ಕೋವಿಯನ್ನು ಬಿಗಿಯಾಗಿ ಕಟ್ಟಿ, ಬಾಯಿ ದರೆಗೆ ಇರಲಿ. ಮೊದಲು ಬರೀ ಕೇಪು ಹೊಡೆಯಿರಿ. ಬಾಯಿಯ ಮುಂದೆ ಇಟ್ಟ ಒಣ ಎಲೆ ಅಲ್ಲಾಡಿದರೆ ದಾರಿ ತೆರೆದಿದೆ ಎಂದು ಅರ್ಥ. ಆಮೇಲೆ ಚರೆ ಇಲ್ಲದೆ ಕಮ್ಮಿ ಮದ್ದು. ಅದೂ ಸರಿ ಹೋದರೆ ಮಾತ್ರ ಪೂರ್ತಿ ಈಡು. ಟ್ರಿಗರಿಗೆ ಉದ್ದದ ಹಗ್ಗ ಕಟ್ಟಿ, ಎಲ್ಲರೂ ಹಲಸಿನ ಮರದ ಹಿಂದೆ ನಿಂತ ಮೇಲೆ ಎಳೆಯಿರಿ. ಹಾರದಿದ್ದರೆ ಓಡಿ ಹತ್ತಿರ ಹೋಗಬೇಡಿ, ತುಂಬ ಹೊತ್ತು ಬಿಡಿ.

ತುಂಬುವಾಗ ಯಾರೂ ಮಾತಾಡಬಾರದು. ಯಾರಾದರೂ ಮಾತಾಡಿದರೆ ಪೂರ್ತಿ ಹೊರಗೆ ತೆಗೆದು ಮೊದಲಿಂದ ತುಂಬಿ. ಇದನ್ನು ಆಗಲೇ ಬರೆಯಬೇಕಿತ್ತು.

ಹರೀಶ


ಬಸರೀಕಟ್ಟೆ
25 ಮೇ 2025

ಹರೀಶನಿಗೆ,

ಕೋವಿ ಹಾರಿತು.

ನಾವಷ್ಟೇ ಮಾಡುವುದು ಎಂದುಕೊಂಡಿದ್ದೆವು. ಆದರೆ ಟೈರು ಉರುಳಿಸಿಕೊಂಡು ಬಂದ ಸತೀಶ ಊರಿಗೆಲ್ಲ ಹೇಳಿದ್ದ. ಲೈನಿನ ಜನ ಬಂದರು, ಸೀತಕ್ಕ ಎಲೆಯಡಿಕೆ ಚೀಲದ ಸಮೇತ ಬಂದಳು. ಚೇತನಾ ರಜೆಯಲ್ಲಿ ಮನೆಯಲ್ಲೇ ಇದ್ದಾಳೆ. ಎಲ್ಲರನ್ನೂ ಹಲಸಿನ ಮರದ ಹಿಂದೆ ನಿಲ್ಲಿಸಿ ಬಾಯಿ ಮುಚ್ಚಿಸಿದೆ. ಕೇಪಿಗೆ ಎಲೆ ಹಾರಿ ಆಚೆ ಬಿತ್ತು. ಕಮ್ಮಿ ಮದ್ದಿಗೆ ಹೊಗೆ ಬಂತು. ಪೂರ್ತಿ ಈಡು ತುಂಬುವಾಗ ಸೀತಕ್ಕ ಒಮ್ಮೆ ಕೆಮ್ಮಿದಳು. ಅದು ಮಾತಾ ಅಲ್ಲವಾ ಎಂದು ನನಗೆ ತಿಳಿಯಲಿಲ್ಲ. ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ಮೊದಲಿಂದ ತುಂಬಿದೆ. ಯಾರೂ ನಗಲಿಲ್ಲ.

ಹಗ್ಗ ಎಳೆದೆ. ದರೆಯಿಂದ ಮಣ್ಣು ಜಾರಿತು. ಸದ್ದು ಆಚೆ ಗುಡ್ಡಕ್ಕೆ ಹೋಗಿ ವಾಪಸು ಬಂತು. ನಾನೇ ಎಳೆದದ್ದು, ಆದರೂ ಬೆಚ್ಚಿಬಿದ್ದೆ. ಅವರು ಹೋದಮೇಲೆ ನನ್ನ ಮೈಗೆ ಏನಾದರೂ ತಾಗಿದ್ದು ಅದೇ ಮೊದಲು. ಆವತ್ತು ಈ ಸದ್ದು ಬಂದಿದ್ದರೆ ಸಾಕಿತ್ತಲ್ಲ ಎಂದು ಅನ್ನಿಸಿ ಹಗ್ಗ ಹಿಡಿದುಕೊಂಡೇ ನಿಂತೆ.

ಆಮೇಲೆ ಬೆಂಕಿಪೊಟ್ಟಣ ತೆರೆದು ಜಜ್ಜಿದ ಕೇಪನ್ನು ಸತೀಶನ ಅಂಗೈ ಮೇಲೆ ಇಟ್ಟೆ. ಸೀಲಿನ ಒಳಗೆ ಇದ್ದದ್ದು ಇದು ಅಂದೆ. ಅವನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖ ಸಣ್ಣದಾಯಿತು. ಆಮೇಲೆ ಕೇಳಿದ, "ಹಂಗಾರೆ ಆವತ್ತು ಎಂತಕ್ಕೆ ಹಾರ್ಲಿಲ್ಲ?"

ಆ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಚೇತನಾ ನನ್ನ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ಅಷ್ಟರಲ್ಲಿ ಅವ್ವ ಜಗಲಿಯಿಂದ ಹೇಳಿದರು.

"ಮದ್ದು ತಂಡಿ ಹಿಡ್ದಿತ್ತು. ನಾನೇ ಕಂಡೆ. ನಳಿಗೆ ಬಗ್ಸಿದ್ರೆ ಕರೀ ಕೆಸರು ಬಂತು. ನನ್ ಹರೀಶ ಎಳ್ದಿದ್ದ, ಮದ್ದು ಹತ್ತಲಿಲ್ಲ."

ತಟ್ಟೆಗೆ ಬಿದ್ದದ್ದು ತಿಳಿ ನೀರು ಎಂದು ಅವರಿಗೆ ಗೊತ್ತು, ನನಗೆ ಗೊತ್ತು, ಈಗ ನಿನಗೆ ಗೊತ್ತು. ತಂಡಿ ಆದರೆ ಹಾರುವುದಿಲ್ಲಪ್ಪ ಎಂದು ಎಲ್ಲರೂ ತಲೆ ಆಡಿಸಿದರು. ಸತೀಶ ನಿನ್ನ ವಿಳಾಸ ಕೇಳಿದ. ಕೊಟ್ಟಿದ್ದೇನೆ.

ಜನ ಹೋದ ಮೇಲೆ ಅವ್ವ ಆ ಹಸಿರು ಚಿಂದಿಗಳನ್ನು ತಂದು ಒಲೆಗೆ ಹಾಕಿದರು. ನಿನಗೆ ಬರಲು ಬರೆ ಅಂದರು. ತಮ್ಮ ಬಾಯಿಂದ ಬಂದ ಹಳೆಯ ಮಾತಿನ ಬಗ್ಗೆ ಏನೂ ಹೇಳಲಿಲ್ಲ. ರಾತ್ರಿ ಅನ್ನ ಬಡಿಸುವಾಗ ನನಗೆ ಅಳು ಬಂತು. ಚೇತನಾ ಗಾಬರಿಯಾದಳು. ಅವ್ವ, ಅಳಲಿ ಬಿಡು ಅಂದರು.

ಚಿಕ್ಕಪ್ಪನಿಗೆ ಫೋನ್ ಮಾಡುತ್ತೇನೆ ಎಂದು ಚೇತನಾ ನಿನ್ನ ನಂಬರ್ ತೆಗೆದುಕೊಂಡಿದ್ದಾಳೆ. ಈ ಕಾಗದ ಕೈಸೇರಿರುತ್ತದೆ ಎಂದು ಲೆಕ್ಕ ಹಾಕಿ ಮುಂದಿನ ಭಾನುವಾರ ಮಾಡು ಅಂದಿದ್ದೇನೆ. ಅಪ್ಪ ನಕ್ಕದ್ದನ್ನು ನಿನಗೂ ಹೇಳುತ್ತಾಳೆ. ನೀನು ಅದನ್ನು ಮೊದಲ ಸಲ ಕೇಳುವವನ ಹಾಗೆ ಕೇಳು.

ಫೋನ್ ಎತ್ತು. ಮಾತಾಡುವಾಗ ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡ.

ಅಂಬಿಕಾ